ಯಂತ್ರವಿಚಾರ: ಜೋಡಿ ಕಾರ್ಬ್ಯುರೇಟರಿನ ಸಂಸಾರ

ಹಳೆಯ ಮೋಟಾರು ಗಾಡಿಗಳನ್ನು ಮನೆಯ ಹಿರಿಯರಂತೆ ಆದರದಿಂದ ಸಾಕಿಕೊಂಡು ಬರುವವರು ಇಂಗ್ಲೆಂಡಿನಲ್ಲಿ ಇಂದಿಗೂ ಬಹುಮಂದಿ ಇದ್ದಾರೆ. ಅವರಲ್ಲಿ ಬಹುಕಾಲದಿಂದ ನಡೆದುಬಂದಿರುವ ಒಂದು ಹವ್ಯಾಸವೇನೆಂದರೆ, ಒಂದು ಗಾಡಿಯ ಜೋಡಿ ಕಾರ್ಬ್ಯುರೇಟರುಗಳನ್ನು ಬಿಚ್ಚಿ ಇನ್ನೊಂದು ಗಾಡಿಗೆ ತೊಡಿಸುವುದು. ಸಾಧುಸ್ವಭಾವದ ಮಾರಿಸ್ ಮೈನರ್ ಗಾಡಿಗೆ, ಅದರ ದಾಯಾದಿಯೆನ್ನಬಹುದಾದ ಎಂ.ಜಿ. ಮಿಡ್ಜೆಟ್ ಎಂಬ ವೇಗದ ಗಾಡಿಯ ಜೋಡಿಯನ್ನು ಹೂಡುವುದು ಇದಕ್ಕೆ ಪ್ರಸಿದ್ಧವಾದ ಉದಾಹರಣೆಯಾಗಿದೆ. ಈ ತಿಂಗಳ ವಿಚಾರಕ್ಕೆ ಅದನ್ನೇ ತೆಗೆದುಕೊಳ್ಳೋಣ.

ಮಾರಿಸ್ ಮೈನರ್ ನಮಗೆ ತೀರ ಅಪರಿಚಿತವಾದ ಗಾಡಿಯಲ್ಲ. 1948ರಲ್ಲಿ ಇಂಗ್ಲೆಂಡಿನಲ್ಲಿ ಹೊರಟ ಈ ಗಾಡಿಯೇ 1950ರ ದಶಕದಲ್ಲಿ ನಮ್ಮ ದೇಶದಲ್ಲಿ ಬೇಬಿ ಹಿಂದುಸ್ಥಾನ್ ಎಂಬ ಹೆಸರಿನಿಂದ ಓಡಿತು. ಅದನ್ನು ರೂಪಿಸಿದವರು ಅಲೆಕ್ ಇಸಿಗೋನಿಸ್ ಎಂಬ ಮೇಧಾವಿಗಳು. ಮುಂದೆ 1959ರಲ್ಲಿ ಮಿನಿ ಎಂಬ ಪುಟ್ಟ ಗಾಡಿಯನ್ನು ಲೋಕಕ್ಕೆ ಕೊಟ್ಟವರೂ ಅವರೇ. ಬ್ರಿಟನ್ನಿನಲ್ಲಿ ಹತ್ತು ಲಕ್ಷದ ಸಂಖ್ಯೆಯನ್ನು ಮುಟ್ಟಿದ ಮೊದಲನೆಯ ಗಾಡಿಯೆಂಬ ಕೀರ್ತಿಯು ಮೈನರಿಗೆ ಸಲ್ಲುತ್ತದೆ. ವೈದ್ಯರು, ಉಪಾಧ್ಯಾಯರು, ದಾದಿಯರು ಮೊದಲಾದ ಸಾಮಾನ್ಯ ಗೃಹಸ್ಥರು ಅದನ್ನು ಓಡಿಸಿದರು. ಅದಕ್ಕೆ ಒಂದೇ ಕಾರ್ಬ್ಯುರೇಟರು ಸಾಕಾಗಿತ್ತು. ಹೀಗಿರಲು ಎರಡನೆಯದೇಕೆ? ಅದರಿಂದ ನಿಜವಾಗಿ ದೊರೆಯುವುದೇನು? ಎರಡು ಮೂಗಿದ್ದರೆ ಇಮ್ಮಡಿ ಉಸಿರು, ಇಮ್ಮಡಿ ಉಸಿರಿದ್ದರೆ ಇಮ್ಮಡಿ ಬಲ ಎಂಬ ಲೆಕ್ಕವು ಸರಿಯೇ?

ಇದನ್ನು ತಿಳಿಯಲು ಕಾರ್ಬ್ಯುರೇಟರಿನ ಕೆಲಸವೇನೆಂಬುದನ್ನು ಮೊದಲು ಮನಗಾಣಬೇಕು. ಇಂಜಿನು ಬರಿಯ ಪೆಟ್ರೋಲನ್ನು ಉರಿಸಲಾರದು. ತೂಕದ ಲೆಕ್ಕದಲ್ಲಿ ಒಂದು ಪಾಲು ಪೆಟ್ರೋಲಿಗೆ ಸುಮಾರು ಹದಿನೈದು ಪಾಲು ಗಾಳಿ ಬೆರೆತರೆ ಅದು ಸರಿಯಾಗಿ ಉರಿಯುತ್ತದೆ. ಒಲೆಯಲ್ಲಿ ಸೌದೆಯನ್ನು ಇಡುಕಿ ಗಾಳಿಗೆ ಎಡೆ ಕೊಡದಿದ್ದರೆ ಅಡಿಗೆಮನೆಯೆಲ್ಲ ಹೊಗೆಯಾಗುವುದು ಗೃಹಿಣಿಯರಿಗೆ ತಿಳಿದ ವಿಷಯವೇ ಆಗಿದೆ. ಇಂಜಿನಿನಲ್ಲಿಯೂ ಹಾಗೆಯೇ. ಪೆಟ್ರೋಲು ಹೆಚ್ಚಾದರೆ ಮಿಶ್ರಣವು ದಟ್ಟವಾಗಿ ಕರಿಹೊಗೆ ಬರುತ್ತದೆ. ಕಡಮೆಯಾದರೆ ಮಿಶ್ರಣವು ತೆಳುವಾಗಿ ಇಂಜಿನು ಮುಗ್ಗರಿಸುತ್ತದೆ, ಮಿತಿಮೀರಿ ಕಾಯುತ್ತದೆ. ಇಂಜಿನು ಮೆಲ್ಲಗೆ ತಿರುಗುವಾಗಲೂ ಭರದಿಂದ ತಿರುಗುವಾಗಲೂ ಈ ಹದವನ್ನು ಕಾಯುವುದೇ ಕಾರ್ಬ್ಯುರೇಟರಿನ ಕರ್ತವ್ಯ.

ಮೈನರ್, ಮಿಡ್ಜೆಟ್ ಎರಡಕ್ಕೂ ಇದ್ದುದು ಎಸ್.ಯು. ಎಂಬ ಜಾತಿಯ ಕಾರ್ಬ್ಯುರೇಟರು. ಎಸ್.ಯು. ಎಂದರೆ ಸ್ಕಿನ್ನರ್ಸ್ ಯೂನಿಯನ್. ಪಾದರಕ್ಷೆಯ ವ್ಯಾಪಾರದ ಮನೆತನಕ್ಕೆ ಸೇರಿದ ಜಾರ್ಜ್ ಹರ್ಬರ್ಟ್ ಸ್ಕಿನ್ನರ್ ಎಂಬವರು 1905ರಲ್ಲಿ ಇದರ ಹಕ್ಕುಪತ್ರಕ್ಕೆ ಅರ್ಜಿ ಹಾಕಿದರು. ಮೊದಲಿನ ಮಾದರಿಯಲ್ಲಿ ಕಮ್ಮಾರನ ಕುಲುಮೆಯಲ್ಲಿರುವಂತೆ ಒಂದು ತೊಗಲಿನ ತಿದಿಯಿತ್ತು. ಆಮೇಲೆ ಅದರ ಸ್ಥಾನಕ್ಕೆ ಲೋಹದ ಪಿಸ್ಟನ್ ಬಂದಿತು. 1910ರಲ್ಲಿ ಕಂಪೆನಿಯು ಸ್ಥಾಪಿತವಾಯಿತು. 1926ರಲ್ಲಿ ಮಾರಿಸ್ ಗಾಡಿಗಳ ಒಡೆಯರಾದ ವಿಲಿಯಂ ಮಾರಿಸ್ಸರು ಅದನ್ನು ಕೊಂಡರು.

ಇದರ ರಚನೆಯು ಬಹು ಸರಳವಾದುದು. ಗಾಳಿಯು ಹಾದುಹೋಗುವ ಗಂಟಲಿನ ಮೇಲೆ ಸಣ್ಣ ಗೋಪುರದಂತಹ ಒಂದು ಕೋಶವಿದೆ. ಅದರೊಳಗೆ ಪಿಸ್ಟನ್ ಮೇಲಕ್ಕೂ ಕೆಳಕ್ಕೂ ಆಡುತ್ತದೆ. ಪಿಸ್ಟನ್ನಿನ ತಳದಿಂದ ಮೊನೆಯ ಕಡೆಗೆ ಸಣ್ಣಗಾಗುತ್ತ ಹೋಗುವ ಒಂದು ಸೂಜಿಯು ಇಳಿದು, ಜೆಟ್ ಎಂಬ ಪೆಟ್ರೋಲಿನ ಕೊಳವೆಯೊಳಗೆ ಹೊಕ್ಕಿರುತ್ತದೆ. ಇಂಜಿನು ಹೆಚ್ಚಾಗಿ ಉಸಿರೆಳೆದಾಗ ಕೋಶದೊಳಗಿನ ಒತ್ತಡವು ಇಳಿದು ಪಿಸ್ಟನ್ ಮೇಲೇಳುತ್ತದೆ. ಆಗ ಗಾಳಿಯ ದಾರಿಯು ಅಗಲವಾಗುತ್ತದೆ. ಅದೇ ಕ್ಷಣದಲ್ಲಿ ಸೂಜಿಯೂ ಮೇಲೆದ್ದು, ಅದರ ಸುತ್ತಲಿನ ಸಂದು ದೊಡ್ಡದಾಗಿ ಪೆಟ್ರೋಲು ಹೆಚ್ಚಾಗಿ ಬರುತ್ತದೆ. ಉಸಿರು ಇಳಿದರೆ ಎರಡೂ ಇಳಿಯುತ್ತವೆ. ಗೋಪುರದ ನೆತ್ತಿಯಲ್ಲಿ ಸ್ವಲ್ಪ ಎಣ್ಣೆಯನ್ನು ತುಂಬಿರುತ್ತಾರೆ; ಪಿಸ್ಟನ್ ತಟ್ಟನೆ ನೆಗೆಯದಂತೆ ಅದು ತಡೆಯುತ್ತದೆ.

ಇನ್ನು ಇಂಜಿನಿನ ವಿಚಾರ. ಮೈನರಿನ ಮೊದಲಿನ ಇಂಜಿನು ಪಕ್ಕದಲ್ಲಿ ಕವಾಟಗಳಿದ್ದ ಹಳೆಯ ಮಾದರಿಯದು. ಅದಕ್ಕೆ ಮಿಡ್ಜೆಟ್ಟಿನ ಜೋಡಿಯು ಹೊಂದುವುದಿಲ್ಲ. 1952ರಲ್ಲಿ ಮಾರಿಸ್ ಮತ್ತು ಆಸ್ಟಿನ್ ಸಂಸ್ಥೆಗಳು ಕೂಡಿ ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್ ಆದ ಮೇಲೆ, ಆಸ್ಟಿನ್ನಿನ ‘ಎ’ ವರ್ಗದ ಇಂಜಿನು ಮೈನರಿಗೆ ಬಂದಿತು. ಮೊದಲು 803 ಘನ ಸೆಂಟಿಮೀಟರು, 1956ರಲ್ಲಿ 948, 1962ರಲ್ಲಿ 1098, ಹೀಗೆ ಅದು ಬೆಳೆಯಿತು. 1958ರ ಆಸ್ಟಿನ್ ಹೀಲಿ ಸ್ಪ್ರೈಟ್, 1961ರ ಎಂ.ಜಿ. ಮಿಡ್ಜೆಟ್ ಎಂಬ ವೇಗದ ಗಾಡಿಗಳಿಗೂ ಇದೇ ವರ್ಗದ ಇಂಜಿನನ್ನು ಕೂಡಿಸಿದರು. ಒಂದೇ ತಾಯಿಯ ಮಕ್ಕಳಾದ್ದರಿಂದಲೇ ಒಬ್ಬರ ಉಡುಪು ಇನ್ನೊಬ್ಬರಿಗೆ ಹೊಂದುವುದು ಸಾಧ್ಯವಾಯಿತು.

ಈ ಇಂಜಿನಿಗೆ ನಾಲ್ಕು ಸಿಲಿಂಡರುಗಳಿದ್ದರೂ ಮಿಶ್ರಣವು ಒಳಹೋಗಲು ಎರಡೇ ಬಾಗಿಲುಗಳು. ಮುಂದಿನ ಬಾಗಿಲು 1 ಮತ್ತು 2ನೆಯ ಸಿಲಿಂಡರುಗಳಿಗೆ, ಹಿಂದಿನದು 3 ಮತ್ತು 4ನೆಯವಕ್ಕೆ. ಸಿಲಿಂಡರುಗಳು ಉರಿಯುವ ಸರದಿಯು 1, 3, 4, 2 ಎಂಬಂತೆ ಇರುತ್ತದೆ. ಆದ್ದರಿಂದ ಹಿಂದಿನ ಬಾಗಿಲಿನಿಂದ ಒಂದರ ಹಿಂದೆ ಒಂದರಂತೆ ಎರಡು ಗುಟುಕು, ಅನಂತರ ಮುಂದಿನ ಬಾಗಿಲಿನಿಂದ ಎರಡು ಗುಟುಕು ಸಾಗುತ್ತವೆ. ಒಂದೇ ಕಾರ್ಬ್ಯುರೇಟರು ನಡುವೆ ನಿಂತಿದ್ದರೆ ಮಿಶ್ರಣವು ಒಮ್ಮೆ ಎಡಕ್ಕೂ ಒಮ್ಮೆ ಬಲಕ್ಕೂ ತಿರುಗಿ ಹೋಗಬೇಕು. ಬಾಗಿಲಿಗೊಂದು ಕಾರ್ಬ್ಯುರೇಟರನ್ನು ನಿಲ್ಲಿಸಿದರೆ ದಾರಿಯು ನೆಟ್ಟಗಾಗುತ್ತದೆ, ಗಂಟಲೂ ಹಿಗ್ಗುತ್ತದೆ. ಜೋಡಿಯಿಂದಾಗುವ ನಿಜವಾದ ಲಾಭವು ಇದೇ. ಇಂಜಿನು ಭರದಿಂದ ತಿರುಗಿ ಬಹಳ ಗಾಳಿಯನ್ನು ಬೇಡುವಾಗ ಮಾತ್ರ ಇದು ಅನುಭವಕ್ಕೆ ಬರುತ್ತದೆ. ಪೇಟೆಯ ಬೀದಿಯಲ್ಲಿ ನಿಧಾನವಾಗಿ ಸಾಗುವಾಗ ಒಂದು ಗಂಟಲೇ ಧಾರಾಳವಾಗಿರುತ್ತದೆ.

ಹಾಗಾದರೆ ಬಲವು ಎಷ್ಟು ಹೆಚ್ಚೀತು? ತಯಾರಕರ ಲೆಕ್ಕವನ್ನು ನೋಡೋಣ. 948 ಘನ ಸೆಂಟಿಮೀಟರಿನ ಮೈನರಿಗೆ 37 ಅಶ್ವಬಲ. ಅದೇ ಅಳತೆಯ ಮೊದಲನೆಯ ಸ್ಪ್ರೈಟಿಗೆ 43. 1098ರ ಮೈನರಿಗೆ 48. ಅದೇ ಅಳತೆಯ ಮಿಡ್ಜೆಟ್ಟಿಗೆ ಸುಮಾರು 55. ವ್ಯತ್ಯಾಸವು ಆರೇಳು ಕುದುರೆಗಳಷ್ಟು. ಆದರೆ ಈ ಕುದುರೆಗಳನ್ನೆಲ್ಲ ಕಾರ್ಬ್ಯುರೇಟರುಗಳೇ ಎಳೆದು ತಂದವೆಂದು ತಿಳಿಯಬಾರದು. ವೇಗದ ಗಾಡಿಯಲ್ಲಿ ಕವಾಟಗಳನ್ನು ಎತ್ತುವ ಕ್ಯಾಮಿನ ಆಕಾರವೇ ಬೇರೆ, ಹೊಗೆಯ ದಾರಿಯೂ ಬೇರೆ; 1098ರಲ್ಲಿ ಒಳಗವಾಟಗಳೂ ದೊಡ್ಡವಾಗಿದ್ದುವು. ಇವೆಲ್ಲ ಕೂಡಿ ತಂದ ಬಲದಲ್ಲಿ ಜೋಡಿಯ ಪಾಲು ಒಂದು ಅಂಶ ಮಾತ್ರ. ಜೋಡಿಯನ್ನಷ್ಟೆ ಕಿತ್ತು ತಂದವನಿಗೆ ಆ ಅಂಶವಷ್ಟೆ ದಕ್ಕುತ್ತದೆ.

ಇಷ್ಟನ್ನು ತಿಳಿದೂ ಮನಸ್ಸಾಗುವವರು ಏನೇನನ್ನು ಒದಗಿಸಿಕೊಳ್ಳಬೇಕು? 1098ರ ಮೈನರಿನಲ್ಲಿರುವ ಕಾರ್ಬ್ಯುರೇಟರೂ ಮಿಡ್ಜೆಟ್ಟಿನದೂ ಒಂದೇ ಎಚ್.ಎಸ್.2 ಮಾದರಿ, ಒಂದೂಕಾಲು ಅಂಗುಲದ ಗಂಟಲಿನವು. ಹಾಗೆಂದು, ಇರುವ ಒಂದಕ್ಕೆ ಇನ್ನೊಂದನ್ನು ತಂದು ಸೇರಿಸಿದರೆ ಜೋಡಿಯಾಗುವುದಿಲ್ಲ. ಜೋಡಿಯ ಎರಡೂ ಎಡಗೈ ಬಲಗೈಗಳಂತೆ ಒಂದಕ್ಕೊಂದು ಎದುರಾಗಿ ರಚಿತವಾದುವು. ಮೈನರಿನಲ್ಲಿ ಮಿಶ್ರಣವು ಒಳಹೋಗುವ ಕೊಳವೆಯೂ ಹೊಗೆ ಹೊರಬರುವ ಕೊಳವೆಯೂ ಒಂದೇ ಎರಕದಲ್ಲಿವೆ. ಹೊಗೆಯ ಬಿಸಿಯಿಂದ ಮಿಶ್ರಣವು ಬೆಚ್ಚಗಾಗಲೆಂಬುದು ಇದರ ಉದ್ದೇಶ. ಜೋಡಿಯನ್ನು ಹೂಡಬೇಕಾದರೆ ಈ ಎರಕವನ್ನೇ ತೆಗೆದುಹಾಕಬೇಕು. ಅದಕ್ಕೆ ಪ್ರತಿಯಾಗಿ ಮಿಡ್ಜೆಟ್ಟಿನ ಒಳದಾರಿಯ ಕೊಳವೆ, ಪ್ರತ್ಯೇಕವಾದ ಹೊಗೆಯ ಕೊಳವೆ, ಅದಕ್ಕೆ ಕೂಡುವಂತೆ ತಿದ್ದಿದ ಕೆಳಗೊಳವೆ, ನಡುವಣ ಶಾಖದ ತಡೆಹಲಗೆ, ಎರಡು ಥ್ರಾಟಲುಗಳನ್ನು ಒಟ್ಟಿಗೆ ಆಡಿಸುವ ಸರಳುಗಳು, ಹೊಸ ಗ್ಯಾಸ್ಕೆಟ್ಟುಗಳು, ಗಾಳಿಯ ಶೋಧಕಗಳು ಇವೆಲ್ಲ ಬೇಕು. ಬಿಡಿಯಾಗಿ ಹುಡುಕಿದರೆ ಹಣವೂ ಕಾಲವೂ ಪೋಲಾಗುವುದರಿಂದ, ಒಂದೇ ಗಾಡಿಯಿಂದ ಕಳಚಿದ ಪೂರ್ಣ ಜೋಡಿಯನ್ನು ಕೊಳ್ಳುವುದು ಮೇಲು. ಹಳೆಯ ಎರಕವು ಹೋದ ಮೇಲೆ ಚಳಿಯ ಬೆಳಗಿನಲ್ಲಿ ಇಂಜಿನು ಕಾದು ಹದಕ್ಕೆ ಬರುವುದು ತಡವಾಗುತ್ತದೆಂಬುದನ್ನೂ ಲೆಕ್ಕಕ್ಕೆ ಹಿಡಿಯತಕ್ಕದ್ದು.

ಕೊಳ್ಳುವಾಗ ಪರೀಕ್ಷಿಸತಕ್ಕ ಅಂಶಗಳು ಮೂರು. ಮೊದಲನೆಯದು, ಥ್ರಾಟಲಿನ ಕಡ್ಡಿ. ಅದನ್ನು ಬೆರಳಿನಿಂದ ಅಲುಗಿಸಿದಾಗ ಲೊಡಲೊಡನೆ ಆಡಿದರೆ ಕಡ್ಡಿಯು ಸವೆದಿದೆಯೆಂದು ತಿಳಿಯಬೇಕು. ಆ ಸಂದಿನಿಂದ ಕಳ್ಳಗಾಳಿಯು ನುಗ್ಗುವುದರಿಂದ ಎಷ್ಟು ತಿದ್ದಿದರೂ ಹದವು ನಿಲ್ಲದು. ಎರಡನೆಯದು, ಪಿಸ್ಟನ್. ಅದನ್ನು ಎತ್ತಿ ಬಿಟ್ಟರೆ ಎಲ್ಲಿಯೂ ತೊಡರದೆ ಕೆಳಗಿಳಿದು ಟಕ್ಕೆಂಬ ಸ್ಪಷ್ಟವಾದ ಶಬ್ದದೊಡನೆ ಕೂರಬೇಕು. ಹಾಗಾಗದಿದ್ದರೆ ಸೂಜಿಯು ಜೆಟ್ಟಿನ ನಡುವೆ ಇಲ್ಲವೆಂದಾಗಲಿ, ಕೋಶದಲ್ಲಿ ಕೊಳೆ ಕಟ್ಟಿದೆಯೆಂದಾಗಲಿ ಅರ್ಥ. ಮೂರನೆಯದು, ಕೋಶ ಮತ್ತು ಪಿಸ್ಟನ್ನುಗಳ ಹೊಂದಿಕೆ. ಇವೆರಡನ್ನೂ ಕಾರ್ಖಾನೆಯಲ್ಲಿ ಒಂದಕ್ಕೊಂದನ್ನು ಕೂಡಿಸಿಯೇ ಅಳತೆ ನೋಡಿರುತ್ತಾರೆ. ಒಂದರ ಪಿಸ್ಟನ್ನನ್ನು ಮತ್ತೊಂದರ ಕೋಶಕ್ಕೆ ಹಾಕಲೇಬಾರದು. ತೊಳೆಯುವಾಗ ಎರಡು ಬೇರೆ ತಟ್ಟೆಗಳಲ್ಲಿಟ್ಟು, ಮೆತ್ತನೆಯ ಬಟ್ಟೆಯಿಂದ ಒರಸಬೇಕು. ಮರಳುಕಾಗದದಿಂದ ಎಂದಿಗೂ ಉಜ್ಜಬಾರದು.

ಜೋಡಿಸುವ ಕೆಲಸಕ್ಕೆ ಕೈಹಚ್ಚುವ ಮೊದಲು ಬ್ಯಾಟರಿಯ ತಂತಿಯನ್ನು ಬಿಚ್ಚಿಡುವುದು ಅವಶ್ಯಕ. ಪೆಟ್ರೋಲಿನ ಆವಿಯು ಕಣ್ಣಿಗೆ ಕಾಣದು. ಒಂದು ಕಿಡಿ ಸಾಕು. ಬೀಡಿ ಸಿಗರೇಟುಗಳನ್ನೂ ಮಕ್ಕಳನ್ನೂ ದೂರವಿಡಬೇಕು. ಪೆಟ್ರೋಲು ನಿಲ್ಲುವ ತೇಲುಬುರುಡೆಯ ಪಾತ್ರೆಗಳು ನೆಟ್ಟಗೆ ನಿಂತಿವೆಯೇ ಎಂಬುದನ್ನು ನೋಡಿಕೊಳ್ಳಬೇಕು. ಕಾರ್ಬ್ಯುರೇಟರು ಓರೆಯಾಗಿ ಕೂರುವ ಜಾತಿಯದಾದುದರಿಂದ, ಬೇರೆ ಗಾಡಿಯ ಬಿಡಿಭಾಗವು ಬೆರೆತಿದ್ದರೆ ಪಾತ್ರೆಯು ಸೊಟ್ಟಗಾಗಿ ಪೆಟ್ರೋಲು ಉಕ್ಕಬಹುದು. ಬಿಸಿಯಾದ ಹೊಗೆಗೊಳವೆಯು ಅದರ ಕೆಳಗೇ ಇರುವುದನ್ನು ಮರೆಯಬಾರದು. ಕೊನೆಗೆ ಮಡಕ್ಕಿಯನ್ನು ತುಳಿದು ಬಿಟ್ಟಾಗ ಎರಡು ಥ್ರಾಟಲುಗಳೂ ತಾವಾಗಿಯೇ ಪೂರ್ಣವಾಗಿ ಮುಚ್ಚಿಕೊಳ್ಳುತ್ತವೆಯೇ ಎಂದು ಹತ್ತು ಸಲ ನೋಡಬೇಕು. ತೆರೆದು ಸಿಕ್ಕಿಕೊಂಡ ಥ್ರಾಟಲು ಪ್ರಾಣಾಪಾಯಕ್ಕೆ ಕಾರಣವಾದೀತು.

ಈಗ ಕೆಲಸದ ಸಾರಭೂತವಾದ ಭಾಗಕ್ಕೆ ಬರೋಣ. ಎರಡು ಕಾರ್ಬ್ಯುರೇಟರುಗಳನ್ನು ಕೂಡಿಸಿದ ಮಾತ್ರಕ್ಕೆ ಅವು ಜೋಡಿಯಾಗುವುದಿಲ್ಲ. ಎತ್ತುಗಳೆರಡೂ ಒಂದೇ ನೊಗದಡಿಯಲ್ಲಿದ್ದರೂ, ಒಂದು ಎಳೆದು ಇನ್ನೊಂದು ಹಿಂಜಗ್ಗಿದರೆ ಗಾಡಿ ಸಾಗದಷ್ಟೆ. ಹೊಂದಿಕೆಯಿಲ್ಲದ ಜೋಡಿಗಿಂತ ಹೊಂದಿಕೆಯುಳ್ಳ ಒಂಟಿಯೇ ಎಷ್ಟೋ ಮೇಲು.

ಮೊದಲು ಇಂಜಿನಿನ ಇತರ ಅಂಗಗಳು ಸರಿಯಾಗಿರಬೇಕು. ಇಂಜಿನು ತಣ್ಣಗಿರುವಾಗ ಕವಾಟಗಳ ಸಂದು 0.012 ಅಂಗುಲ, ಕಿಡಿ ಹಾರಿಸುವ ಪಾಯಿಂಟುಗಳ ಸಂದು 0.015 ಅಂಗುಲ ಇರುವಂತೆ ನೋಡಿಕೊಳ್ಳಬೇಕು. ಇವು ತಪ್ಪಿದ್ದರೆ ಕಾರ್ಬ್ಯುರೇಟರಿನ ತಿದ್ದುಪಡಿಯೆಲ್ಲ ವ್ಯರ್ಥ. ಅನಂತರ ಪ್ರತಿಯೊಂದು ಜೆಟ್ಟನ್ನೂ ಗಂಟಲಿನ ಸೇತುವೆಯ ಮಟ್ಟಕ್ಕೆ ತಂದು, ಅಲ್ಲಿಂದ ಕೆಳಗಿನ ನಟ್ಟನ್ನು ಎರಡು ಪೂರ್ಣ ಸುತ್ತು ಇಳಿಸಬೇಕು. ಇದು ಪ್ರಾರಂಭದ ಅಂದಾಜು. ಗೋಪುರಗಳಿಗೆ 20ನೆಯ ನಂಬರಿನ ಎಣ್ಣೆಯನ್ನು ತುಂಬಿ, ಇಂಜಿನನ್ನು ನಡೆಸಿ ಚೆನ್ನಾಗಿ ಕಾಯಲು ಬಿಡಬೇಕು.

ಇನ್ನು ಗಾಳಿಯ ಹೊಂದಿಕೆ. ಎರಡು ಥ್ರಾಟಲುಗಳನ್ನು ಕೂಡಿಸುವ ಸರಳಿನ ತಿರುಪನ್ನು ಸಡಿಲಿಸಿ, ಒಂದೊಂದೂ ಸ್ವತಂತ್ರವಾಗಿ ಆಡುವಂತೆ ಮಾಡಿಕೊಳ್ಳಬೇಕು. ಎರಡಡಿ ಉದ್ದದ ಒಂದು ರಬ್ಬರು ಕೊಳವೆಯನ್ನು ತೆಗೆದುಕೊಂಡು, ಅದರ ಒಂದು ತುದಿಯನ್ನು ಕಿವಿಗೆ ಹಿಡಿದು ಮತ್ತೊಂದನ್ನು ಕಾರ್ಬ್ಯುರೇಟರಿನ ಬಾಯಿಗೆ ಹಿಡಿದರೆ ಸುಯ್ಯೆಂಬ ಉಸಿರಿನ ಶಬ್ದವು ಕೇಳಿಸುತ್ತದೆ. ಕೊಳವೆಯನ್ನು ಎರಡರಲ್ಲಿಯೂ ಒಂದೇ ಜಾಗದಲ್ಲಿ ಹಿಡಿದು, ಸುಯಿಲು ಸಮನಾಗುವವರೆಗೆ ಥ್ರಾಟಲಿನ ತಿರುಪುಗಳನ್ನು ಸ್ವಲ್ಪ ಸ್ವಲ್ಪವಾಗಿ ತಿರುಗಿಸತಕ್ಕದ್ದು. ಗಾಳಿಯನ್ನು ಅಳೆಯುವ ಉಪಕರಣಗಳು ಪೇಟೆಯಲ್ಲಿ ದೊರೆಯುತ್ತವೆ. ಆದರೆ ತಂಬೂರಿಯ ಶ್ರುತಿಯನ್ನು ಕೂಡಿಸಬಲ್ಲ ಕಿವಿಗೆ ಈ ರಬ್ಬರು ಕೊಳವೆಯೇ ಸಾಕು.

ಗಾಳಿಯು ಸಮನಾದ ಮೇಲೆ ಮಿಶ್ರಣದ ಸರದಿ. ಕಾರ್ಬ್ಯುರೇಟರಿನ ಪಕ್ಕದಲ್ಲಿರುವ ಸಣ್ಣ ಗುಬುಟನ್ನು ಒತ್ತಿ ಪಿಸ್ಟನ್ನನ್ನು ಅಂಗುಲದ ಮೂವತ್ತೆರಡನೆಯ ಒಂದು ಪಾಲಿನಷ್ಟು ಮಾತ್ರ ಎತ್ತಬೇಕು. ಇಂಜಿನು ವೇಗವನ್ನು ಹೆಚ್ಚಿಸಿಕೊಂಡು ಹಾಗೆಯೇ ಓಡಿದರೆ ಮಿಶ್ರಣವು ದಟ್ಟವಾಗಿದೆ. ಜೆಟ್ಟಿನ ನಟ್ಟನ್ನು ಮೇಲಕ್ಕೆ ತಿರುಗಿಸಬೇಕು. ಕೂಡಲೆ ಕುಗ್ಗಿ ನಿಲ್ಲಲು ಹವಣಿಸಿದರೆ ತೆಳುವಾಗಿದೆ. ನಟ್ಟನ್ನು ಕೆಳಕ್ಕೆ ಇಳಿಸಬೇಕು. ಕ್ಷಣಮಾತ್ರ ಸ್ವಲ್ಪ ಏರಿ ಮತ್ತೆ ಮೊದಲಿನಂತೆ ಆದರೆ ಹದ ಸರಿಯಾಗಿದೆ. ಒಂದನ್ನು ತಿದ್ದಿದರೆ ಇನ್ನೊಂದರ ಹದವೂ ಕೊಂಚ ಕದಲುವುದರಿಂದ, ಒಂದರಿಂದ ಮತ್ತೊಂದಕ್ಕೆ ಮೂರು ನಾಲ್ಕು ಸಲ ಹೋಗಿಬರಬೇಕಾಗುತ್ತದೆ. ಅವಸರಪಡುವವರಿಗೆ ಈ ಕೆಲಸ ಒಗ್ಗದು. ಕೊನೆಯಲ್ಲಿ ಸರಳಿನ ತಿರುಪನ್ನು ಬಿಗಿದು, ಎರಡು ಥ್ರಾಟಲುಗಳೂ ಒಂದೇ ಕ್ಷಣದಲ್ಲಿ ತೆರೆಯುವಂತೆ ಮಾಡಬೇಕು. ಚಳಿಯಲ್ಲಿ ಎಳೆಯುವ ಚೋಕಿನ ತಂತಿಯೂ ಎರಡು ಜೆಟ್ಟುಗಳನ್ನು ಸಮನಾಗಿ ಇಳಿಸಬೇಕು. ಹತ್ತಿಪ್ಪತ್ತು ಮೈಲಿ ಓಡಿಸಿದ ಮೇಲೆ ಸ್ಪಾರ್ಕ್ ಪ್ಲಗ್ಗುಗಳನ್ನು ಬಿಚ್ಚಿ ನೋಡಿದರೆ ತಿಳಿಕಂದು ಬಣ್ಣವು ಕಾಣಬೇಕು. ಮಸಿಯು ದಟ್ಟತನದ ಗುರುತು, ಬೆಳ್ಳಗಿನ ಬಣ್ಣವು ತೆಳುತನದ ಗುರುತು. ಜೋಡಿಗೆ ತಕ್ಕ ಸೂಜಿಯಿಲ್ಲದಿದ್ದರೆ ನಿಂತಲ್ಲಿ ಹದವಾಗಿದ್ದ ಮಿಶ್ರಣವು ಓಟದಲ್ಲಿ ಕೆಡುವುದುಂಟು. ಸೂಜಿಯ ಮೇಲೆ ಕೊರೆದಿರುವ ಅಕ್ಷರಗಳನ್ನು ತಯಾರಕರ ಪಟ್ಟಿಯೊಡನೆ ಹೋಲಿಸಿ ನೋಡತಕ್ಕದ್ದು.

ಇಂದಿನ ಪೆಟ್ರೋಲಿನ ಸಂಗತಿಯನ್ನೂ ಇಲ್ಲಿ ಹೇಳಬೇಕು. ಬ್ರಿಟನ್ನಿನಲ್ಲಿ 2021ರಿಂದ ಸಾಮಾನ್ಯ ಪೆಟ್ರೋಲಿಗೆ ನೂರಕ್ಕೆ ಹತ್ತರವರೆಗೆ ಎಥನಾಲ್ ಬೆರೆಸುತ್ತಾರೆ. ನಮ್ಮಲ್ಲಿ ಅದು ಇಪ್ಪತ್ತಕ್ಕೆ ಏರಿದೆ. ಎಥನಾಲು ನೀರನ್ನು ಹೀರಿಕೊಳ್ಳುತ್ತದೆ, ಹಳೆಯ ರಬ್ಬರನ್ನು ಕೆಡಿಸುತ್ತದೆ, ಮಿಶ್ರಣವನ್ನು ಸ್ವಲ್ಪ ತೆಳುವಾಗಿಸುತ್ತದೆ. ಜೋಡಿಯನ್ನು ಕೂಡಿಸುವಾಗ ಪೆಟ್ರೋಲಿನ ರಬ್ಬರು ಕೊಳವೆಗಳನ್ನೆಲ್ಲ ಎಥನಾಲನ್ನು ತಡೆಯುವ ಹೊಸ ಜಾತಿಯವಕ್ಕೆ ಬದಲಾಯಿಸುವುದು ವಿವೇಕ.

ಎಲ್ಲಕ್ಕಿಂತ ಮುಖ್ಯವಾದ ಮಾತೊಂದು ಉಳಿದಿದೆ. 1962ರಲ್ಲಿ ಮಿಡ್ಜೆಟ್ಟಿನ ಇಂಜಿನನ್ನು 948ರಿಂದ 1098ಕ್ಕೆ ಹಿಗ್ಗಿಸಿದಾಗ, ತಯಾರಕರು ಅದರ ಮುಂದಿನ ಚಕ್ರಗಳಿಗೆ ಡಿಸ್ಕ್ ಬ್ರೇಕುಗಳನ್ನು ಕೊಟ್ಟರು. ಅದೇ ವರ್ಷ ಮೈನರಿನ ಇಂಜಿನನ್ನು ಹಿಗ್ಗಿಸಿದಾಗ ಮುಂದಿನ ಬ್ರೇಕಿನ ಡ್ರಮ್ಮುಗಳನ್ನು ಏಳು ಅಂಗುಲದಿಂದ ಎಂಟು ಅಂಗುಲಕ್ಕೆ ಹೆಚ್ಚಿಸಿದರು. ಓಡುವ ಬಲವನ್ನು ಕೊಡುವ ಕೈಯಿಂದಲೇ ನಿಲ್ಲುವ ಬಲವನ್ನೂ ಕೊಡಬೇಕೆಂಬ ನೀತಿಯನ್ನು ಅವರು ಪಾಲಿಸಿದರು. ಮನೆಯಲ್ಲಿ ಜೋಡಿಯನ್ನು ಹೂಡುವವರು ಮರೆಯುವುದು ಇದನ್ನೇ. 948ರ ಮೈನರಿಗೆ ಏಳಂಗುಲದ ಡ್ರಮ್ಮನ್ನು ಉಳಿಸಿಕೊಂಡು ವೇಗವನ್ನು ಮಾತ್ರ ಹೆಚ್ಚಿಸಿದರೆ, ಆ ಗಾಡಿಯಲ್ಲಿ ಹೆಂಡಿರು ಮಕ್ಕಳನ್ನು ಕೂರಿಸಿಕೊಂಡು ಹೋಗುವ ಗೃಹಸ್ಥನು ತನ್ನ ಹೊಣೆಯನ್ನು ಅರಿತವನೆಂದು ಹೇಳಲಾಗದು. ಬ್ರೇಕಿಗೆ ಹಣವಿಲ್ಲದಿದ್ದರೆ ಕಾರ್ಬ್ಯುರೇಟರಿಗೂ ಹಣವಿಲ್ಲವೆಂದೇ ತಿಳಿಯತಕ್ಕದ್ದು. ಮಾರ್ಪಾಡನ್ನು ವಿಮಾ ಕಂಪೆನಿಗೆ ಮೊದಲೇ ತಿಳಿಸುವುದೂ ಇದೇ ಹೊಣೆಗೆ ಸೇರಿದ ಕೆಲಸ.

ನಮ್ಮ ಅಂಬಾಸಡರ್ ಗಾಡಿಯ ವಿಷಯದಲ್ಲಿಯೂ ಈ ವಿವೇಕವು ಸಲ್ಲುತ್ತದೆ. 2014ರವರೆಗೆ ತಯಾರಾದ ಆ ಗಾಡಿಗೆ ಬಹುಕಾಲ ಇದ್ದ 1489 ಘನ ಸೆಂಟಿಮೀಟರಿನ ಇಂಜಿನು, 1955ರ ಎಂ.ಜಿ.ಎ. ಎಂಬ ವೇಗದ ಗಾಡಿಯ ಇಂಜಿನಿನ ವರ್ಗಕ್ಕೇ ಸೇರಿದ್ದು, ಅಲ್ಲಿಯೂ ಎಂ.ಜಿ.ಎ. ಗಾಡಿಗೆ ಎಸ್.ಯು. ಜೋಡಿಯಿತ್ತು, ಮನೆಯ ಗಾಡಿಗೆ ಒಂಟಿಯಿತ್ತು. ತಯಾರಕರು ಜಿಪುಣತನದಿಂದ ಹಾಗೆ ಮಾಡಿದರೆಂದು ತಿಳಿಯಬೇಕಾಗಿಲ್ಲ. ಮನೆಯ ಗಾಡಿಗೆ ಬೇಕಾದುದು ಮಿತವಾದ ಪೆಟ್ರೋಲು, ಕಡಮೆ ತಿದ್ದುಪಡಿ, ಚಳಿಯಲ್ಲಿಯೂ ಹಿಡಿದೊಡನೆ ಹೊರಡುವ ಗುಣ. ಇವಕ್ಕೆ ಒಂಟಿಯೇ ಒಳ್ಳೆಯದು.

ಆದುದರಿಂದ ಜೋಡಿಯನ್ನು ಹೂಡಬಾರದೆಂದು ನಮ್ಮ ಅಭಿಪ್ರಾಯವಲ್ಲ. ಚೆನ್ನಾಗಿ ಶ್ರುತಿಗೂಡಿದ ಜೋಡಿಯು ಏರುದಾರಿಯಲ್ಲಿ ಹಿತವಾಗಿ ಉಸಿರಾಡುವುದನ್ನು ಕೇಳುವುದು ಒಂದು ಸಂತೋಷವೇ ಸರಿ. ಸ್ವಂತ ಕೈಯಿಂದ ಯಂತ್ರದ ಮರ್ಮವನ್ನು ಅರಿತ ತೃಪ್ತಿಯು ಆರೇಳು ಅಶ್ವಬಲಕ್ಕಿಂತ ಹೆಚ್ಚಿನದು. ಹೂಡುವವರು ಗಾಡಿಯ ಮೈಗೆ ಎಲ್ಲಿಯೂ ಗರಗಸ ಹಾಕದಿರಲಿ. ಬಿಚ್ಚಿದ ಹಳೆಯ ಎರಕವನ್ನೂ ಒಂಟಿ ಕಾರ್ಬ್ಯುರೇಟರನ್ನೂ ಗುಜರಿಗೆ ಹಾಕದೆ, ಎಣ್ಣೆ ಸವರಿ, ಬಟ್ಟೆಯಲ್ಲಿ ಸುತ್ತಿ, ಹೆಸರು ಬರೆದು ಪೆಟ್ಟಿಗೆಯಲ್ಲಿ ಇಟ್ಟಿರಲಿ. ಮುಂದೆ ಆ ಗಾಡಿಯನ್ನು ಪಡೆಯುವ ಮಗನೋ ಮೊಮ್ಮಗಳೋ ಅದನ್ನು ಮೊದಲಿನಂತೆ ಮಾಡಲು ಬಯಸಿದರೆ, ಅವರ ಕೈಗೆ ಆ ಪೆಟ್ಟಿಗೆಯು ಸಿಕ್ಕಬೇಕು.